ದೋಣಿಗೆ ಕ್ಯಾಡೋ, ನಿದ್ದೆಗೆ ಮಾರ್ಟಿನ್ ಡೈಸ್

ಈಸ್ಟ್ ಟೆಕ್ಸಸ್‌ನಲ್ಲಿ ನೀರೊಳಗೇ ಮರ ನಿಂತಿರೋ ಜಾಗದಲ್ಲಿ ಟೆಂಟ್ ಹಾಕಿ ಕಯಾಕ್ ಹೊಡೀಬೇಕು, ಕ್ಯಾಡೋ ಲೇಕ್ ಸ್ಟೇಟ್ ಪಾರ್ಕಾ ಇಲ್ಲ ಮಾರ್ಟಿನ್ ಡೈಸ್ ಜೂನಿಯರ್ ಸ್ಟೇಟ್ ಪಾರ್ಕಾ ಅಂತ ಡ್ಯಾಲಸ್ ಕಡೆ ನಮ್ಮೋರು ಕೇಳ್ತಾನೇ ಇರ್ತಾರೆ. ನಾನು ಎರಡೂ ಕಡೆ ಉಳ್ಕೊಂಡಿದೀನಿ, ಎರಡೂ ಕಡೆ ಹುಟ್ಟು ಹಾಕಿದೀನಿ.

ನೀರಿನ ವಿಷಯಕ್ಕೆ ಬಂದ್ರೆ ಕ್ಯಾಡೋ ಮುಂದೆ ಇನ್ನೊಂದು ನಿಲ್ಲಲ್ಲ. ಪಾರ್ಕ್ ಇರೋದು ಬಿಗ್ ಸೈಪ್ರಸ್ ಬಯೂ ಅನ್ನೋ ನಿಧಾನವಾಗಿ ಹರಿಯೋ ಹೊಳೆ ದಂಡೆ ಮೇಲೆ, ಸಾ ಮಿಲ್ ಪಾಂಡ್‌ನಲ್ಲಿ ಕಯಾಕ್ ಇಳಿಸಿದ ತಕ್ಷಣ ಬಾಲ್ಡ್ ಸೈಪ್ರಸ್ ಅನ್ನೋ ಮರಗಳ ಮಧ್ಯೆ ಇರ್ತೀರಿ, ಬುಡ ದಪ್ಪಗೆ ಊದ್ಕೊಂಡು, ಕೊಂಬೆಯಿಂದ ಸ್ಪ್ಯಾನಿಷ್ ಮಾಸ್ ಅನ್ನೋ ಬೂದುಬಣ್ಣದ ನಾರಿನಂಥ ಗಿಡ ನೀರು ಮುಟ್ಟೋ ಹಂಗೆ ಜೋತು ಬಿದ್ದಿರುತ್ತೆ, ಗಾಳಿ ಒಳಗೆ ಬರೋದೇ ಇಲ್ಲ. ಆದ್ರೆ ಎಲ್ಲಾ ಸಂದಿನೂ ಒಂದೇ ಥರ ಕಾಣುತ್ತೆ, ಅದಕ್ಕೇ ದೊಡ್ಡ ಕೆರೆ ಕಡೆ ಬೋಟ್ ರೋಡ್ ಅನ್ನೋ ದೋಣಿ ದಾರಿಗಳಿಗೆ ನಂಬರ್ ಹಾಕಿರೋ ಕಂಬಗಳಿವೆ, ನಂಬರ್ ನೋಡ್ಕೊಂಡೇ ಹೋಗಿ. ಇನ್ನೊಂದು ತಲೆನೋವು ಜೈಂಟ್ ಸಾಲ್ವೀನಿಯಾ, ಬ್ರೆಜಿಲ್ ಮೂಲದ ತೇಲೋ ಕಳೆ. ನಮ್ಮ ಬೆಂಗಳೂರಿನ ಕೆರೆಗಳಲ್ಲಿ ಅಂತರಗಂಗೆ ಮುಚ್ಕೊಳ್ಳೋ ಹಾಗೆ ಇದೂ ಮುಚ್ಕೊಳ್ಳುತ್ತೆ, ಅದನ್ನ ತಿನ್ನೋ ಪುಟ್ಟ ಹುಳ ಸಾಕಿ ಬಿಡ್ತಾರೆ, ಆದ್ರೂ ಕೆಲವು ಸಲ ಹುಟ್ಟು ಎತ್ತಿದ್ರೆ ಕಳೆಯೇ ಮೊದಲು ಬರುತ್ತೆ.

ಮಾರ್ಟಿನ್ ಡೈಸ್ ಇರೋದು ಸ್ಟೈನ್‌ಹೇಗನ್ ಅನ್ನೋ ಡ್ಯಾಮ್ ಕೆರೆ ಪಕ್ಕ, ನೇಚಸ್ ಮತ್ತು ಆಂಜಲೀನಾ ನದಿ ಸೇರೋ ಜಾಗ. ನೀರು ಬಯಲು, ಮಧ್ಯಾಹ್ನ ಗಾಳಿ ಎದ್ರೆ ಬಾಡಿಗೆ ಕಯಾಕ್ ಮೂತಿ ತಿರುಗಿಸೋದಕ್ಕೇ ಭುಜ ನೋಯುತ್ತೆ, ಜೊತೆಗೆ ನೀರು ಆಳ ಇಲ್ಲ, ಮುಳುಗಿರೋ ಮರದ ಬೊಡ್ಡೆ ತಳಕ್ಕೆ ಕುಟ್ಟುತ್ತೆ. ಬೆಳಿಗ್ಗೆ ಬೇಗ ನದಿ ಕಡೆ ಒಳಗೆ ಹೋದ್ರೆ ಚೆನ್ನಾಗಿದೆ, ಕೊಕ್ಕರೆ ಸಿಗ್ತಾವೆ, ಆಲಿಗೇಟರ್ ಸಹ, ಅದು ಎರಡೂ ಕಡೆ ಇದೆ.

ಮಲಗೋ ವಿಷಯ ಪೂರಾ ಉಲ್ಟಾ. ಕ್ಯಾಡೋದಲ್ಲಿ ನಮಗೆ ಸಿಕ್ಕ ಸೈಟ್ ತಗ್ಗಲ್ಲಿತ್ತು, ಮಳೆ ಬಂದು ಟೆಂಟ್ ಕೆಳಗೆಲ್ಲ ಪಿಚಪಿಚ, ಸೊಳ್ಳೆ ಬೇರೆ, ರಾತ್ರಿ ರಕೂನ್ ಬಂದು ಕೂಲರ್ ಮುಚ್ಚಳ ಎತ್ತಿ ಮೊಸರನ್ನದ ಡಬ್ಬ ಎತ್ಕೊಂಡು ಹೋಯ್ತು, ಚಟ್ನಿಪುಡಿ ಮಾತ್ರ ಮುಟ್ಟಲಿಲ್ಲ. ಮಾರ್ಟಿನ್ ಡೈಸ್‌ನಲ್ಲಿ ಪೈನ್ ಮರದ ಕೆಳಗೆ ಸಮತಟ್ಟು ನೆಲ, ನೀರು ಪಕ್ಕದಲ್ಲೇ, ಟೆಂಟ್ ಬಾಗಿಲಿಂದ ಹತ್ತು ಹೆಜ್ಜೆ ಹಾಕಿದ್ರೆ ಗಾಳ ಹಾಕ್ಬೋದು. ಹೈವೇ 190 ಪಾರ್ಕ್ ಮಧ್ಯೆನೇ ಹಾದು ಹೋಗುತ್ತೆ, ಲಾರಿ ಸದ್ದು ಸ್ವಲ್ಪ ಕೇಳುತ್ತೆ, ಅಡ್ಡಿಯಿಲ್ಲ.

ಕ್ಯಾಡೋಗೇ ಹೋಗ್ತೀನಿ ಅನ್ನೋರು ಟೆಂಟ್ ಬಿಟ್ಟು ಜಾಲರಿ ಗೋಡೆಯ ಸ್ಕ್ರೀನ್ಡ್ ಶೆಲ್ಟರ್ ತಗೊಳ್ಳಿ, ಇಲ್ಲಾ 1930ರ ದಶಕದಲ್ಲಿ ಸಿಸಿಸಿ (ಕೆಲಸ ಇಲ್ಲದ ಯುವಕರಿಗೆ ಅಮೆರಿಕ ಸರ್ಕಾರ ಕೆಲಸ ಕೊಟ್ಟ ಯೋಜನೆ) ಹುಡುಗರು ಕಟ್ಟಿದ ಕ್ಯಾಬಿನ್ ಸಿಕ್ಕಿದ್ರೆ ಬಿಡಲೇಬೇಡಿ. ನವೆಂಬರ್‌ಗೆ ಇಟ್ಕೊಳ್ಳಿ, ಸೈಪ್ರಸ್ ಎಲೆ ಕೆಂಪಾಗಿರುತ್ತೆ, ಸೊಳ್ಳೆನೂ ಕಡಿಮೆ. ಮಕ್ಕಳಿದ್ರೆ ನೆನಪಿರ್ಲಿ, ಟೆಕ್ಸಸ್‌ನಲ್ಲಿ 13 ವರ್ಷದೊಳಗಿನೋರು ದೋಣಿಲಿ ಲೈಫ್ ಜಾಕೆಟ್ ಹಾಕ್ಕೊಂಡೇ ಇರ್ಬೇಕು, ಹೊರಡೋ ಮುಂಚೆ ಪಾಂಡ್‌ನಲ್ಲಿ ಕಳೆ ಎಷ್ಟಿದೆ ಅಂತ ಪಾರ್ಕ್ ಆಫೀಸಿಗೆ ಫೋನ್ ಮಾಡಿ ಕೇಳ್ಬಿಡಿ.