‘ಫ್ರೀ ಸೈಜ್’ ಥಿಂಬಲ್ ಕೊಳ್ಳುವ ಮುಂಚೆ ಇದನ್ನು ಓದಿ

ಕೈಹೊಲಿಗೆ ಮಾಡುವ ಎಲ್ಲರಿಗೂ ಹೇಳುತ್ತಿದ್ದೇನೆ. ಥಿಂಬಲ್ ಅಂದರೆ ಸೂಜಿ ತಳ್ಳುವಾಗ ಚುಚ್ಚದ ಹಾಗೆ ಬೆರಳ ತುದಿಗೆ ಹಾಕುವ ಪುಟ್ಟ ಟೊಪ್ಪಿ. ಬೆರಳಿಗೆ ಸರಿಯಾಗಿ ಕೂರದ ಥಿಂಬಲ್ ಹಾಕಿಕೊಂಡು ದಪ್ಪ ಬಟ್ಟೆ ಹೊಲಿಯಬೇಡಿ. ಅದಕ್ಕಿಂತ ಬರಿ ಬೆರಳೇ ವಾಸಿ. ಬರಿ ಬೆರಳಿದ್ದಾಗ ಸೂಜಿ ಚುಚ್ಚುತ್ತಿದೆ ಅಂತ ಕೈಗೆ ತಕ್ಷಣ ಗೊತ್ತಾಗುತ್ತದೆ, ನಾವೇ ಮೆಲ್ಲಗೆ ಒತ್ತುತ್ತೇವೆ. ಥಿಂಬಲ್ ಇದೆ ಅನ್ನುವ ಧೈರ್ಯಕ್ಕೆ ಪೂರ್ತಿ ಬಲ ಹಾಕಿಬಿಡುತ್ತೇವೆ. ಅದು ಕೈಕೊಟ್ಟರೆ ಆ ಬಲವೆಲ್ಲ ಬೆರಳಿನ ಮೇಲೇ ಬೀಳುತ್ತದೆ. ನನಗೆ ಆಗಿದ್ದು ಅದೇ.

ಹಾಸನದಲ್ಲಿ ಮನೆಯಲ್ಲೇ ಕೂತು ಬ್ಲೌಸ್ ಹೆಮ್ಮಿಂಗ್, ಸೀರೆ ಫಾಲ್ಸ್, ಕುಚ್ಚು ಮಾಡಿಕೊಡುತ್ತೇನೆ. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳು ಹತ್ತಿರ ಬಂದರೆ ನಮಗೆ ಪುರುಸೊತ್ತೇ ಇರುವುದಿಲ್ಲ. ಅದರ ಬೆನ್ನಿಗೇ ದೀಪಾವಳಿ. ಹೋದ ಸಲ ಅದರ ಜೊತೆಗೆ ಬಾಣಂತಿ ಮನೆಯೊಂದಕ್ಕೆ ಕೌದಿ ಹೊಲಿದುಕೊಡುವ ಕೆಲಸವೂ ಬಂದಿತ್ತು. ಹಳೇ ಕಾಟನ್ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯಬೇಕು. ಅಂಚಿನಲ್ಲಿ ಬಟ್ಟೆ ಮಡಚಿ ಬರುವ ಕಡೆಯಂತೂ ಒಂದೊಂದು ಹೊಲಿಗೆಗೂ ಸೂಜಿಯ ಹಿಂಬದಿಯನ್ನು ಜೋರಾಗಿ ತಳ್ಳಬೇಕು.

ಅಂಗಡಿಗಳಲ್ಲಿ ಮೊದಲು ಕೇಳಿದೆ. ಕಟ್ಟಿನಕೆರೆ ಮಾರ್ಕೆಟ್ ಕಡೆ ಟೈಲರಿಂಗ್ ಸಾಮಾನು ಇಡುವವರು, ಮ್ಯಾಚಿಂಗ್ ಸೆಂಟರ್‌ನವರು, ಎಲ್ಲರದ್ದೂ ಒಂದೇ ಮಾತು. "ಅಕ್ಕ, ಈಗ ಎಲ್ಲಾ ಮಿಷನ್ ಅಲ್ವಾ, ಇದನ್ನ ಯಾರು ಕೇಳ್ತಾರೆ?" ಕೆಲವರ ಹತ್ತಿರ ಇತ್ತು, ಆದರೆ ಒಂದೇ ಅಳತೆಯದು, ನನಗೆ ಆಗಲಿಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ತರಿಸಿದೆ. ‘ಗಟ್ಟಿ ಹಿತ್ತಾಳೆ, ಫ್ರೀ ಸೈಜ್’ ಅಂತ ಬರೆದಿತ್ತು. ಫೋಟೋದಲ್ಲಿ ನೋಡಿದರೆ ದಪ್ಪಗೆ, ಮೈತುಂಬ ಕುಳಿಗಳಿದ್ದ ಚೆಂದದ ಥಿಂಬಲ್.

ಡಬ್ಬಿಯಲ್ಲಿ ಬಂದದ್ದು ಬೇರೆಯೇ. ಹಿತ್ತಾಳೆ ಬಣ್ಣ ಹೊಡೆದ ತೆಳು ಅಲ್ಯೂಮಿನಿಯಂ. ಕೈಗೆ ತೆಗೆದುಕೊಂಡರೆ ತೂಕವೇ ಇಲ್ಲ. ಕುಳಿಗಳು ಬರೀ ಗುರುತಿನ ಹಾಗೆ ಮೇಲ್ಮೇಲೆ. ಬೆರಳಿಗೆ ಹಾಕಿದರೆ ಒಂದಿಷ್ಟು ಸಡಿಲ. ವಾಪಸ್ ಕಳಿಸುತ್ತೇನೆ ಅಂದರೆ ಅಂಥ ಸಣ್ಣ ಸಾಮಾನಿಗೆ ವಾಪಸಾತಿ ಇಲ್ಲ ಅಂತ ಉತ್ತರ ಬಂತು. ಕೌದಿ ಕೊಡುವ ದಿನ ಹತ್ತಿರವಿತ್ತು. ಅದರಲ್ಲೇ ಶುರು ಮಾಡಬೇಕಾಯಿತು.

ಸಡಿಲ ಥಿಂಬಲ್ ಏನು ಮಾಡುತ್ತದೆ ಅಂದರೆ, ಒತ್ತಿದಾಗ ನೇರ ನಿಲ್ಲುವುದಿಲ್ಲ. ಬೆರಳಿನ ಮೇಲೆ ತಿರುಗುತ್ತದೆ, ಇಲ್ಲವೇ ಓರೆಯಾಗುತ್ತದೆ. ಕುಳಿ ಆಳವಿದ್ದರೆ ಸೂಜಿಯ ಕಣ್ಣಿನ ಕಡೆ ಅದರೊಳಗೆ ಕೂತು ನಿಲ್ಲುತ್ತದೆ. ಇಲ್ಲಿ ಕುಳಿಯೇ ಇಲ್ಲ, ಸೂಜಿ ಜಾರುತ್ತಲೇ ಇತ್ತು. ಅಂಚಿನ ದಪ್ಪ ಜಾಗಕ್ಕೆ ಬಂದಾಗ ಜೋರಾಗಿ ಒತ್ತಿದೆ. ಮೊದಲೇ ತಗ್ಗಾಗಿದ್ದ ಕಡೆ ತಗಡು ತೂತಾಯಿತು. ಸೂಜಿಯ ಕಣ್ಣಿನ ತುದಿ ನೇರ ಉಗುರಿನ ಪಕ್ಕದ ಮಾಂಸಕ್ಕೆ ಹೋಯಿತು. ಮೊನೆಯಾದರೆ ಸಣ್ಣಗೆ ಚುಚ್ಚಿ ಬಿಡುತ್ತದೆ. ಕಣ್ಣಿನ ಕಡೆ ಮೊಂಡು, ಮಾಂಸವನ್ನು ಹರಿದುಕೊಂಡೇ ಒಳಗೆ ಹೋಗುತ್ತದೆ. ಆ ನೋವು ಹೇಳಲಾಗದು.

ಸ್ವಲ್ಪ ದಿನಕ್ಕೆ ಉಗುರುಸುತ್ತು ಆಯಿತು. ಉಗುರಿನ ಬದಿ ಕೆಂಪಗೆ ಊದಿ, ಕೀವು ತುಂಬಿ, ರಾತ್ರಿಯೆಲ್ಲ ಪಟ ಪಟ ಅಂತ ಸಿಡಿತ. ಮನೆಗೆ ಬಂದವರೆಲ್ಲ "ನಿಂಬೆಹಣ್ಣು ಸಿಗಿಸಿಕೊಳ್ಳಿ" ಅಂದರು. ತಂಪಾದ ಹಾಗೆ ಅನ್ನಿಸಬಹುದು, ಆದರೆ ಕೀವು ಕಟ್ಟಿದ ಮೇಲೆ ಅದರಿಂದ ಕೆಲಸ ಆಗುವುದಿಲ್ಲ. ಡಾಕ್ಟರು ಸಣ್ಣಗೆ ಕೊಯ್ದು ಕೀವು ತೆಗೆದರು, ಮಾತ್ರೆ ಬರೆದುಕೊಟ್ಟರು. ಸೂಜಿ ಆಳಕ್ಕೆ ಹೋಗಿದ್ದರೆ ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಅಂತಲೂ ಡಾಕ್ಟರ ಹತ್ತಿರ ಮಾತಾಡಿ. ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಕಾಯುತ್ತಾ ಕೂರಬೇಡಿ. ಅವರಿಗೆ ಬೆರಳಿನ ಸೋಂಕು ಬೇಗ ಹಬ್ಬುತ್ತದೆ, ವಾಸಿಯಾಗುವುದು ನಿಧಾನ. ನನ್ನ ಕೌದಿ ಕೆಲಸ ಬೇರೆಯವರಿಗೆ ಹೋಯಿತು. ಹಬ್ಬದ ಬ್ಲೌಸ್‌ಗಳನ್ನು ಹೆಮ್ಮಿಂಗ್ ಇಲ್ಲದೆ ಹಾಗೇ ವಾಪಸ್ ಕೊಟ್ಟೆ. ವರ್ಷದಲ್ಲಿ ನಾಲ್ಕು ಕಾಸು ಬರುವ ಕಾಲವೇ ಅದು.

ನನಗೆ ಸಿಟ್ಟು ಇರುವುದು ಆ ‘ಫ್ರೀ ಸೈಜ್’ ಮೇಲೆ. ಬಳೆ ಕೊಳ್ಳುವಾಗ ಎರಡು ನಾಲ್ಕಾ, ಎರಡು ಆರಾ ಅಂತ ಕೇಳಿಯೇ ಕೊಡುತ್ತಾರೆ. ಬೆರಳ ತುದಿಗೆ ಹಾಕುವ ಲೋಹ ಮಾತ್ರ ಎಲ್ಲರಿಗೂ ಒಂದೇ ಹೇಗೆ ಆಗುತ್ತದೆ? ದೊಡ್ಡವರ ಥಿಂಬಲ್‌ಗಳು ಒಳಗಡೆ ಸುಮಾರು 14 ಮಿಲಿಮೀಟರಿನಿಂದ 18 ಮಿಲಿಮೀಟರ್ ಅಗಲದವರೆಗೂ ಬರುತ್ತವೆ. ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಬೆರಳಿಗೆ ಗೊತ್ತಾಗುತ್ತದೆ. ಥಿಂಬಲ್ ಮೇಲೆ ಬರೆದ ಸೈಜ್ ನಂಬರ್ ನಂಬುವ ಹಾಗಿಲ್ಲ, ಒಂದು ಕಂಪನಿಯ ನಂಬರ್ ಇನ್ನೊಂದರದಕ್ಕೆ ಹೊಂದುವುದಿಲ್ಲ. ಮಿಲಿಮೀಟರ್ ಅಳತೆಯನ್ನೇ ಕೇಳಿ.

ಅಳೆಯುವುದು ಕಷ್ಟವಿಲ್ಲ. ಹೊಲಿಯುವ ಕೈಯ ನಡುಬೆರಳಿಗೆ, ಉಗುರಿನ ಬುಡ ಮತ್ತು ಮೊದಲ ಗೆಣ್ಣಿನ ನಡುವೆ, ದಾರ ಸುತ್ತಿ. ಬಿಗಿಯಬೇಡಿ. ಆ ದಾರವನ್ನು ಸ್ಕೇಲ್ ಮೇಲಿಟ್ಟು ಬಂದ ಅಳತೆಯನ್ನು 3.14ರಿಂದ ಭಾಗಿಸಿ. ದಾರ 50 ಮಿಲಿಮೀಟರ್ ಬಂದರೆ ಸುಮಾರು 16 ಮಿಲಿಮೀಟರ್ ಅಗಲದ್ದು ಬೇಕು. ಬೆಳಗಿನ ಚಳಿಯಲ್ಲಿ ಅಳೆಯಬೇಡಿ. ಚಳಿಗೆ ಬೆರಳು ಸಣ್ಣಗಾಗುತ್ತದೆ, ಸೆಕೆಗೆ ಮತ್ತು ಕೆಲಸ ಮಾಡುತ್ತಾ ಮಾಡುತ್ತಾ ಊದುತ್ತದೆ. ಸಕಲೇಶಪುರದ ಕಡೆಯವರಿಗೆ ಮಳೆಗಾಲದಲ್ಲಿ ಸಡಿಲವಾದದ್ದೇ ಏಪ್ರಿಲ್‌ನಲ್ಲಿ ಬಿಗಿಯಾಗಬಹುದು. ಸ್ವಲ್ಪ ಹೊತ್ತು ಹೊಲಿದ ಮೇಲೆ ಅಳೆದರೆ ಸರಿ.

ಅಂಗಡಿಯಲ್ಲಾದರೆ ಹಾಕಿ ನೋಡದೆ ದುಡ್ಡು ಕೊಡಬೇಡಿ. ಕೈ ಕೆಳಗೆ ಮಾಡಿ ಮೆಲ್ಲಗೆ ಒದರಿ, ಬೀಳಬಾರದು. ಬೆರಳಿನ ತುದಿ ಒಳಗಡೆ ಮೇಲ್ಭಾಗಕ್ಕೆ ಸುಮ್ನೆ ತಾಗಬೇಕು. ಮೇಜಿನ ಅಂಚಿಗೆ ಒತ್ತಿದರೆ ತಿರುಗಬಾರದು. ಬೆರಳು ಮಡಚಿದಾಗ ಅಂಚು ಗೆಣ್ಣಿಗೆ ಕೊರೆಯಬಾರದು. ಅಷ್ಟು ಹೊತ್ತಿಗೇ ಬೆರಳು ಮಿಡಿಯುತ್ತಿದ್ದರೆ ಅಥವಾ ತುದಿ ಬಿಳಿಚಿಕೊಂಡರೆ ಅದು ಬಿಗಿ, ಬೇಡ. ಒಂಚೂರು ಸಡಿಲವಾದದ್ದನ್ನು ಒಳಗೆ ಮೈಕ್ರೋಪೋರ್ ಟೇಪ್ ಅಂಟಿಸಿ ಸರಿ ಮಾಡಬಹುದು. ಬಿಗಿಯಾದದ್ದಕ್ಕೆ ಏನೂ ಮಾಡಲಾಗದು. ಉಗುರು ಉದ್ದ ಬಿಡುವವರಿಗೆ ತುದಿ ತೆರೆದ ಥಿಂಬಲ್ ಒಳ್ಳೆಯದು. ಕೋಟು ಹೊಲಿಯುವ ಜೆಂಟ್ಸ್ ಟೈಲರ್‌ಗಳು ಅದನ್ನೇ ಹಾಕುತ್ತಾರೆ, ಬೆರಳಿನ ತುದಿಯಿಂದಲ್ಲ, ಪಕ್ಕದಿಂದ ತಳ್ಳುತ್ತಾರೆ. ಅಭ್ಯಾಸಕ್ಕೆ ಸ್ವಲ್ಪ ಕಾಲ ಬೇಕು, ಆದರೆ ಬೆರಳು ಬೆವರುವುದು ಕಡಿಮೆ.

ಲೋಹದ ವಿಷಯಕ್ಕೆ ಬಂದರೆ, ಹಿತ್ತಾಳೆ ಅಥವಾ ಸ್ಟೀಲ್ ತಗೊಳ್ಳಿ. ಅಲ್ಯೂಮಿನಿಯಂ ತೂಕ ಹಿತ್ತಾಳೆಯ ಮೂರನೇ ಒಂದು ಭಾಗದಷ್ಟು ಮಾತ್ರ, ಕೈಯಲ್ಲಿ ಹಿಡಿದರೇ ತಿಳಿಯುತ್ತದೆ. ಹಿತ್ತಾಳೆ ಬೆವರಿಗೆ ಬೆರಳನ್ನು ಹಸಿರು ಮಾಡುತ್ತದೆ, ಸೋಪು ಹಾಕಿ ತೊಳೆದರೆ ಹೋಗುತ್ತದೆ. ಕಡಿಮೆ ಬೆಲೆಯ ಓಲೆ ಹಾಕಿದರೆ ಕಿವಿ ಕೆರೆಯುವವರು ನಿಕಲ್ ಲೇಪ ಇರುವುದನ್ನು ಬಿಡಿ, ಬೆರಳೂ ಕೆರೆಯುತ್ತದೆ. ನನಗೆ ಹಲವರು "ಬೆಳ್ಳಿದು ಮಾಡಿಸ್ಕೊಳ್ಳಿ" ಅಂದರು. ಬೆಳ್ಳಿ ಮೆತ್ತಗಿನ ಲೋಹ, ಸೂಜಿಗೆ ತೂತಾಗುತ್ತದೆ. ಇಂಗ್ಲೆಂಡಿನಲ್ಲಿ ಇದೇ ತೊಂದರೆಗೆ ಚಾರ್ಲ್ಸ್ ಹಾರ್ನರ್ ಎಂಬ ಅಕ್ಕಸಾಲಿಗ 1884ರಲ್ಲಿ ಬೆಳ್ಳಿಯ ಎರಡು ಪದರದ ನಡುವೆ ಉಕ್ಕು ಇಟ್ಟ ಥಿಂಬಲ್‌ಗೆ ಪೇಟೆಂಟ್ ಪಡೆದ. ಬರೀ ಬೆಳ್ಳಿಯದು ತೆಳುವಾಗಿ ಮಾಡಿಸಿದರೆ ಕೌದಿ ಕೆಲಸಕ್ಕೆ ಆಗದು. ಲೋಹವೇ ಒಗ್ಗದವರು ಚಪ್ಪಲಿ ಹೊಲಿಯುವವರ ಹತ್ತಿರ ಮೆತ್ತನೆ ಚರ್ಮದ ಚೂರು ಕೇಳಿ, ತುದಿಗೆ ಎರಡು ಪದರ ಬರುವ ಹಾಗೆ ಹೊಲಿದುಕೊಳ್ಳಬಹುದು. ಬೆರಳಿನ ಆಕಾರಕ್ಕೇ ಕೂರುತ್ತದೆ. ಸವೆಯುತ್ತದೆ ಮಾತ್ರ, ಆಗಾಗ ನೋಡುತ್ತಿರಿ.

ಈಗಾಗಲೇ ಮನೆಯಲ್ಲಿರುವ ಥಿಂಬಲ್ ಅನ್ನೂ ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಬಿಸಾಕಿ. ಆನ್‌ಲೈನ್‌ನಲ್ಲಿ ತರಿಸುವವರು ಪ್ಯಾಕೆಟ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ, ಹೇಳಿದ ಲೋಹ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಸಣ್ಣ ಮೊತ್ತ ಅಂತ ಬಿಡಬೇಡಿ. ಆ ಡಬ್ಬಿ ಅದೇ ಫೋಟೋ ಹಾಕಿಕೊಂಡು ಇವತ್ತಿಗೂ ಮಾರಾಟಕ್ಕಿದೆ.