ಹಳೆಯ ಐ5 ಮನೆ ಸರ್ವರ್: 68 ವ್ಯಾಟ್‌ನಿಂದ 24ಕ್ಕೆ, ಎರಡು ಮಳೆಗಾಲ ಕಂಡ ಮೇಲೆ

ಇಂಟೆಲ್ ಐ5-4570, 8 ಜಿಬಿ ರ್‍ಯಾಮ್, ಜಿಟಿ 710 ಗ್ರಾಫಿಕ್ಸ್ ಕಾರ್ಡ್, ಸಾಟಾ ವಿಸ್ತರಣಾ ಕಾರ್ಡಿಗೆ ತಗುಲಿಸಿದ ನಾಲ್ಕು ಹಾರ್ಡ್ ಡಿಸ್ಕ್. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಸರ್ವರ್ ಎನಿಸಿಕೊಂಡಿರುವುದು ಕಚೇರಿಯೊಂದು ಹೊರಹಾಕಿದ ಈ ಯಂತ್ರ. ತೋಟದ ಲೆಕ್ಕ, ಎಲ್ಲರ ಮೊಬೈಲ್ ಫೋಟೋಗಳು, ಅಪ್ಪ ಕೂಡಿಟ್ಟ ಯಕ್ಷಗಾನದ ಧ್ವನಿಮುದ್ರಣಗಳು ಇದರಲ್ಲಿವೆ. ಹಗಲೂ ರಾತ್ರಿ ಓಡುತ್ತದೆ. ಹೆಚ್ಚಿನ ಹೊತ್ತು ಸುಮ್ಮನೆ ಓಡುತ್ತದೆ.

ಸುಮ್ಮನೆ ಓಡುವಾಗಲೇ 68 ವ್ಯಾಟ್ ಎಳೆಯುತ್ತಿತ್ತು. ಒಂದು ವ್ಯಾಟ್ ವರ್ಷವಿಡೀ ಉರಿದರೆ 8.76 ಯೂನಿಟ್. ಆ ಲೆಕ್ಕದಲ್ಲಿ 68 ವ್ಯಾಟ್ ಎಂದರೆ ತಿಂಗಳಿಗೆ ಸುಮಾರು 50 ಯೂನಿಟ್. ಗೃಹಜ್ಯೋತಿ ಬಂದ ಮೇಲೆ ಈ ಸಂಖ್ಯೆಗೆ ಬೇರೆಯೇ ತೂಕ ಬಂತು. 2023ರಲ್ಲಿ ಅದು ಶುರುವಾದಾಗ 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಉಚಿತದ ಮಿತಿ ಗೊತ್ತುಮಾಡಿದರು. ಆಮೇಲೆ ತಂದಿಟ್ಟ ಸರ್ವರ್ ಆ ಸರಾಸರಿಯಲ್ಲಿ ಎಲ್ಲಿರುತ್ತದೆ? ಮಿತಿ ದಾಟಿದ ಯೂನಿಟ್‌ಗಳಿಗೆಲ್ಲ ನಮ್ಮ ಜೇಬೇ ಗತಿ.

ಆದರೂ ನನ್ನನ್ನು ಕೆಲಸಕ್ಕೆ ಹಚ್ಚಿದ್ದು ಬಿಲ್ ಅಲ್ಲ, ಇನ್‌ವರ್ಟರ್. 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ಇರುವ ಜಿಲ್ಲೆ ನಮ್ಮದು. ಆದರೆ ಆಷಾಢದ ಗಾಳಿಗೆ ಒಂದು ಮರ ತಂತಿಯ ಮೇಲೆ ಒರಗಿದರೆ ಲೈನ್‌ಮನ್ ಆ ಗುಡ್ಡ ಹತ್ತಿ ಬರುವವರೆಗೆ ಕತ್ತಲೆಯೇ. ನಮ್ಮ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್. ಗುಣಿಸಿದರೆ 1800 ವ್ಯಾಟ್-ಅವರ್. ವಯಸ್ಸಾದ ಬ್ಯಾಟರಿ ಅದರಲ್ಲಿ ಅರ್ಧ ಕೊಟ್ಟರೆ ಪುಣ್ಯ. ಆ ಅರ್ಧದಲ್ಲೇ ದೀಪ, ಫ್ಯಾನ್, ರೌಟರ್ ಜೊತೆಗೆ ಈ ಸರ್ವರ್ ಪಾಲು ಕೇಳುತ್ತಿತ್ತು.

ಮೊದಲು ಕೊಂಡದ್ದು ಸಾಕೆಟ್ಟಿಗೆ ಚುಚ್ಚುವ ವ್ಯಾಟ್ ಮೀಟರ್. ಇದಿಲ್ಲದೆ ಯಾರೂ ಈ ಕೆಲಸಕ್ಕೆ ಇಳಿಯಬಾರದು. ಪ್ರೊಸೆಸರ್ ವಿವರಪಟ್ಟಿಯ 84 ವ್ಯಾಟ್ ಎಂಬ ಅಂಕಿ ಪೂರ್ತಿ ದುಡಿಯುವಾಗಿನ ಶಾಖದ ಲೆಕ್ಕ. ಖಾಲಿ ಕೂತಾಗ ಏನೆಂಬುದನ್ನು ಅದು ಹೇಳುವುದಿಲ್ಲ. ಮೀಟರಿನಲ್ಲಿ ವಿಎ (ವೋಲ್ಟ್-ಆಂಪಿಯರ್) ಬೇರೆ, ವ್ಯಾಟ್ ಬೇರೆ ಇರುತ್ತವೆ. ಅಗ್ಗದ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಡಬ್ಬಿ) ಇದ್ದರೆ ವಿಎ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ, ಮನೆಯ ಬಿಲ್ ಬರುವುದು ವ್ಯಾಟ್ ಲೆಕ್ಕದಲ್ಲಿ.

ಗ್ರಾಫಿಕ್ಸ್ ಕಾರ್ಡ್ ಕಿತ್ತ ಕೂಡಲೇ ಎಂಟು ವ್ಯಾಟ್ ಇಳಿಯಿತು. ಪರದೆಯೇ ಇಲ್ಲದ ಯಂತ್ರಕ್ಕೆ ಅದು ಏಕೆ ಬೇಕಿತ್ತೋ ದೇವರಿಗೇ ಗೊತ್ತು. ನಾಲ್ಕು ಡಿಸ್ಕ್‌ಗಳಲ್ಲಿದ್ದುದೆಲ್ಲ ಒಂದು ದೊಡ್ಡ ಡಿಸ್ಕ್‌ಗೆ ಹೋಯಿತು, ಆಪರೇಟಿಂಗ್ ಸಿಸ್ಟಂ ಒಂದು ಸಣ್ಣ ಎಸ್‌ಎಸ್‌ಡಿಗೆ. ಅಲ್ಲಿ ಮತ್ತೆ ಹದಿನಾಲ್ಕು ವ್ಯಾಟ್ ಉಳಿಯಿತು. ತೆಗೆದ ಡಿಸ್ಕ್‌ಗಳಲ್ಲಿ ಎರಡು ಈಗ ಕಪಾಟಿನಲ್ಲಿವೆ, ಬ್ಯಾಕಪ್ ದಿನ ಮಾತ್ರ ಹೊರಬರುತ್ತವೆ.

ಡಿಸ್ಕ್ ಕಡಿಮೆಯಾದ ಮೇಲೆ ಸಾಟಾ ಕಾರ್ಡಿಗೂ ಕೆಲಸ ಉಳಿಯಲಿಲ್ಲ. ಅದನ್ನು ತೆಗೆದಾಗ ಕಂಡದ್ದು ಈ ಇಡೀ ಪ್ರಯೋಗದ ಸ್ವಾರಸ್ಯ. ಪ್ರೊಸೆಸರ್ ಸುಮ್ಮನಿರುವಾಗ ಸಿ-ಸ್ಟೇಟ್ ಎಂಬ ನಿದ್ದೆಯ ಮೆಟ್ಟಿಲುಗಳನ್ನು ಇಳಿಯುತ್ತದೆ. ಕೋರ್‌ಗಳು ಇಳಿದರೆ ಸಾಲದು, ಪ್ಯಾಕೇಜ್, ಅಂದರೆ ಇಡೀ ಚಿಪ್, ಇಳಿದರೆ ಮಾತ್ರ ದೊಡ್ಡ ಉಳಿತಾಯ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಎಎಸ್‌ಪಿಎಂ ಎಂಬ ವಿದ್ಯುತ್ ಉಳಿತಾಯದ ಕ್ರಮ ಒಪ್ಪದ ಒಂದೇ ಒಂದು ಕಾರ್ಡ್ ಎಚ್ಚರವಾಗಿದ್ದರೂ ಪ್ಯಾಕೇಜ್ ಕಣ್ಣು ಮುಚ್ಚುವುದಿಲ್ಲ. ವಿದ್ಯುತ್ ಬಳಕೆ ತೋರಿಸುವ ಪವರ್‌ಟಾಪ್ ತಂತ್ರಾಂಶ ತೆರೆದರೆ ಆಳದ ಹಂತಗಳ ಎದುರು ಸದಾ ಸೊನ್ನೆ ಕಾಣುತ್ತಿತ್ತು. ಕಾರ್ಡ್ ತೆಗೆದು, ಬಯೋಸ್‌ನಲ್ಲಿ ಮುಚ್ಚಿಟ್ಟಿದ್ದ ಸಿ-ಸ್ಟೇಟ್‌ಗಳನ್ನು ತೆರೆದು, ಸಾಟಾ ಲಿಂಕ್‌ನ ವಿದ್ಯುತ್ ಉಳಿತಾಯ ಚಾಲೂ ಮಾಡಿದ ಮೇಲೆ ಆ ಸೊನ್ನೆಗಳು ಅಂಕಿಗಳಾದವು. ಇಷ್ಟರಿಂದ ಏಳು ವ್ಯಾಟ್.

ಎಸ್‌ಎಂಪಿಎಸ್ ವಿಷಯದಲ್ಲಿ ನನಗೆ ಸಿಟ್ಟಿದೆ. ಅಂಗಡಿಯವರು 500 ವ್ಯಾಟ್ ಎಂದು ಚೀಟಿ ಅಂಟಿಸಿದ ಹಗುರ ಡಬ್ಬಿಯೊಂದನ್ನು ಹಾಕಿ ಕೊಟ್ಟಿದ್ದರು. ಇಂಥವು ತಮ್ಮ ಸಾಮರ್ಥ್ಯದ ಹತ್ತನೇ ಒಂದು ಪಾಲಿನಷ್ಟು ಹೊರೆಯಲ್ಲಿ ದುಡಿಯುವಾಗ ಎಳೆದದ್ದರಲ್ಲಿ ಒಳ್ಳೆಯ ಪಾಲನ್ನು ಬಿಸಿಯಾಗಿಯೇ ಕಳೆಯುತ್ತವೆ. 80 ಪ್ಲಸ್ ಗೋಲ್ಡ್ ಎಂಬ ದಕ್ಷತೆಯ ದರ್ಜೆಯ, ಕಡಿಮೆ ಸಾಮರ್ಥ್ಯದ ಒಂದನ್ನು ತರಿಸಿ ಹಾಕಿದೆ. ಒಂಬತ್ತು ವ್ಯಾಟ್ ಇಳಿಯಿತು. ಬಿಲ್ಲಿನಲ್ಲಿ ಈ ಖರ್ಚು ಹುಟ್ಟಲು ವರ್ಷಗಳು ಬೇಕು. ಹಳೆಯ ಡಬ್ಬಿ ಬಿಚ್ಚಿ ನೋಡಿದಾಗ ಉಬ್ಬಿದ ಕೆಪ್ಯಾಸಿಟರ್ ಒಂದು ಕಂಡಿತು, ಹಾಗಾಗಿ ದುಡ್ಡಿನ ಬಗ್ಗೆ ಬೇಸರವಿಲ್ಲ.

ಬಿಸಿ ಕಡಿಮೆಯಾದದ್ದಕ್ಕೆ ಅಮ್ಮನ ಆಕ್ಷೇಪ ಮಾತ್ರ ಇನ್ನೂ ನಿಂತಿಲ್ಲ. ಮಳೆಗಾಲದಲ್ಲಿ ಥಂಡಿ ಹಿಡಿಯುವ ಬೆಂಕಿಪೊಟ್ಟಣವನ್ನು ಅವರು ಕ್ಯಾಬಿನೆಟ್ಟಿನ ತಲೆಯ ಮೇಲೆ ಇಟ್ಟು ಗರಿಗರಿಯಾಗಿ ಕಾಪಾಡುತ್ತಿದ್ದರು. "ಈಗ ಒಂದು ಕಡ್ಡಿ ಒಣಗಿಸುವುದಕ್ಕೂ ಆಗದ ಪೆಟ್ಟಿಗೆ, ಇದಕ್ಕೆ ಕರೆಂಟು ಬೇರೆ ಕೇಡು" ಎನ್ನುತ್ತಾರೆ.

ಡಿಸ್ಕ್ ಮಲಗಿಸುವುದರಲ್ಲಿ, ಅಂದರೆ ಕೆಲಸವಿಲ್ಲದಾಗ ಅದರ ತಿರುಗಾಟ ನಿಲ್ಲಿಸುವುದರಲ್ಲಿ, ತಾಳ್ಮೆ ಬೇಕಾಯಿತು. ಮಲಗಿದರೆ ಆರು ವ್ಯಾಟ್ ಉಳಿತಾಯ, ಆದರೆ ಯಾರಾದರೂ ಎಬ್ಬಿಸುತ್ತಲೇ ಇದ್ದರು. ಡಿಸ್ಕ್‌ನ ಆರೋಗ್ಯ ನೋಡುವ ಸ್ಮಾರ್ಟ್‌ಡಿ ಸ್ವಭಾವತಃ ಅರ್ಧ ಗಂಟೆಗೊಮ್ಮೆ ತಪಾಸಣೆ ಮಾಡುತ್ತದೆ. ಮಲಗಿದ್ದರೆ ಬಿಟ್ಟುಬಿಡು ಎಂದು ಅದಕ್ಕೆ ಹೇಳಬೇಕು. ಲಾಗ್ ಕಡತಗಳೂ ಫೋಟೋ ತಂತ್ರಾಂಶದ ಡೇಟಾಬೇಸೂ ಎಸ್‌ಎಸ್‌ಡಿಗೆ ಹೋಗಬೇಕು. ಐದು ನಿಮಿಷಕ್ಕೇ ಮಲಗಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಲವು ಡೆಸ್ಕ್‌ಟಾಪ್ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ ನಿಂತು ಹೊರಡುವ ಆವರ್ತನೆಗಳಿಗೆ 50,000ದ ಮಿತಿ ಇರುತ್ತದೆ. ನಮ್ಮಲ್ಲಿ ಒಂದು ಗಂಟೆ ಸುಮ್ಮನಿದ್ದರೆ ಮಾತ್ರ ಮಲಗುತ್ತದೆ. ಅಪ್ಪ ರಾತ್ರಿ ಪ್ರಸಂಗ ಹಾಕಿದರೆ ಭಾಗವತರ ದನಿ ಬರುವುದಕ್ಕೆ ಹತ್ತು ಸೆಕೆಂಡ್ ಕಾಯಬೇಕು, ಅಷ್ಟೇ.

ಪ್ರೊಸೆಸರ್ ವೇಗ ತಗ್ಗಿಸುವುದು, ಟರ್ಬೊ ಮುಚ್ಚುವುದು ಎಲ್ಲ ವ್ಯರ್ಥ ಕಸರತ್ತು. ಖಾಲಿ ಕೂತಾಗ ಮೀಟರ್ ಕದಲಲೇ ಇಲ್ಲ.

ಕರೆಂಟ್ ಹೋದದ್ದು ಸರ್ವರಿಗೆ ತಿಳಿಯುವುದು ಹೇಗೆಂಬ ಪ್ರಶ್ನೆ ಉಳಿದಿತ್ತು, ಏಕೆಂದರೆ ನಮ್ಮ ಇನ್‌ವರ್ಟರ್ ಕಂಪ್ಯೂಟರ್ ಜೊತೆ ಮಾತಾಡುವ ಜಾತಿಯದಲ್ಲ. ಅದಕ್ಕೊಂದು ಉಪಾಯ: ಇನ್‌ವರ್ಟರ್ ಸಂಪರ್ಕವಿಲ್ಲದ ಸಾಕೆಟ್ಟಿನಲ್ಲಿ ಹಳೆಯ ವೈಫೈ ರಿಪೀಟರ್ ಒಂದನ್ನು ಚುಚ್ಚಿಟ್ಟಿದ್ದೇನೆ. ಸರ್ವರ್ ನಿಮಿಷಕ್ಕೊಮ್ಮೆ ಅದನ್ನು ಪಿಂಗ್ ಮಾಡುತ್ತದೆ. ಮೂರು ಗಂಟೆ ಉತ್ತರ ಬಾರದಿದ್ದರೆ ತಾನಾಗಿ ಶಟ್‌ಡೌನ್ ಆಗುತ್ತದೆ. ಮೊದಲು ಈ ಅವಧಿಯನ್ನು ಅರ್ಧ ಗಂಟೆಗಿಂತ ಹೆಚ್ಚು ಇಡುವ ಧೈರ್ಯ ಇರಲಿಲ್ಲ.

ಈಗ ಕಡಿಮೆ ವಿದ್ಯುತ್ ಎಳೆಯುವ ಇಂಟೆಲ್ ಎನ್100 ಪ್ರೊಸೆಸರಿನ ಮಿನಿ ಪಿಸಿ ಕೊಳ್ಳು ಎನ್ನುವವರಿದ್ದಾರೆ. ಅದು ಹತ್ತು ವ್ಯಾಟ್‌ನಲ್ಲಿ ಮುಗಿಸಿದರೂ ನನಗೆ ಉಳಿಯುವುದು 14 ವ್ಯಾಟ್, ವರ್ಷಕ್ಕೆ ಸುಮಾರು 123 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 740 ರೂಪಾಯಿ ದಾಟುವುದಿಲ್ಲ. ದೊಡ್ಡ ಡಿಸ್ಕ್ ಅದರೊಳಗೆ ಹಿಡಿಯುವುದೂ ಇಲ್ಲ. ಆ ದುಡ್ಡು ಸದ್ಯಕ್ಕೆ ಹೊಸ ಬ್ಯಾಟರಿಗೆ ಮೀಸಲು.