ಬೈಂಡಿಂಗಿಗೆ ಹೋಗಿ, ಸೈಟೇಶನ್ ರಿಪೋರ್ಟಿಗೆ ಬೇಡ

ಹಾಸನದ ಬಸ್ ಸ್ಟ್ಯಾಂಡಿಗೆ ಹತ್ತಿರ ಇರುವ ಒಂದು ಝೆರಾಕ್ಸ್ ಅಂಗಡಿ. ಹೆಸರು ಹಾಕುವುದಿಲ್ಲ, ಹುಡುಗರು ಒಳ್ಳೆಯವರು. ಪ್ರಿಂಟು, ಬೈಂಡಿಂಗು, ಥೀಸಿಸ್ ಟೈಪಿಂಗ್ ಜೊತೆಗೆ ಈಗ ‘ಸೈಟೇಶನ್ ರಿಪೋರ್ಟ್’ ಅಂತಲೂ ಬೋರ್ಡು ಹಾಕಿದ್ದಾರೆ, ಅಂದರೆ ಒಬ್ಬರ ಬರಹಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖ ಮಾಡಿದ್ದಾರೆ ಅನ್ನುವ ಲೆಕ್ಕ. ಪ್ರಮೋಷನ್ ಅರ್ಜಿ ತುಂಬುವ ಲೆಕ್ಚರರ್‌ಗಳೇ ಗಿರಾಕಿಗಳು.

ನನಗೆ ಬೇಕಾಗಿದ್ದು ನಮ್ಮ ಗೈಡ್ ಸರ್ ಅವರದು. ಸಕಲೇಶಪುರದ ಕಡೆಯ ಆಡುಮಾತಿನ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ ಭಾಷಾಶಾಸ್ತ್ರದ ಮೇಷ್ಟ್ರು. ಅಭಿನಂದನ ಗ್ರಂಥಕ್ಕೆ ಒಂದು ಪುಟ ಬೇಕಿತ್ತು, ಅವರ ಸಂಶೋಧನೆಯನ್ನು ಯಾರು ಯಾರು ಎಷ್ಟು ಬಳಸಿಕೊಂಡಿದ್ದಾರೆ ಅಂತ. 600 ರೂಪಾಯಿ, ಎರಡು ದಿನ ಅಂದರು. ಎರಡೇ ದಿನಕ್ಕೆ ಕೊಟ್ಟರು, ಅದು ನಿಜ. ಕಲರ್ ಗ್ರಾಫು, ಸ್ಪೈರಲ್ ಬೈಂಡಿಂಗು, ಮೊದಲ ಪುಟದಲ್ಲೇ ದೊಡ್ಡದಾಗಿ ಎಚ್-ಇಂಡೆಕ್ಸ್, ಉಲ್ಲೇಖಗಳ ಲೆಕ್ಕದಿಂದ ಬರುವ ಒಂದು ಅಂಕಿ.

ತೆರೆದು ನೋಡಿದರೆ, ಸರ್ ಬರೆದಿದ್ದರಲ್ಲಿ ಅತಿ ಹೆಚ್ಚು ಉಲ್ಲೇಖ ಆಗಿರುವುದು ಹಸುವಿನ ಕೆಚ್ಚಲು ಬಾವಿನ ಮೇಲಿನ ಲೇಖನವಂತೆ!

ಹುಡುಗ ಸಂಶೋಧನಾ ಬರಹಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಕೊನೆಯ ಹೆಸರು, ಒಂದು ಇನಿಷಿಯಲ್ ಹಾಕಿ ಬಂದಿದ್ದನ್ನೆಲ್ಲ ಕೂಡಿಸಿಬಿಟ್ಟಿದ್ದಾನೆ. ಅದೇ ಹೆಸರಿನ ಯಾರೋ ಪಶುವೈದ್ಯರೂ ಬಂದು ಸೇರಿಕೊಂಡಿದ್ದಾರೆ. ನಮ್ಮ ಇನಿಷಿಯಲ್ ಕಥೆ ಗೊತ್ತಲ್ವಾ, ಊರಿನದೊಂದು, ಅಪ್ಪನದೊಂದು, ಎಲ್ಲಿ ಹಿಂದೆ ಎಲ್ಲಿ ಮುಂದೆ ಅಂತ ಬರೆದವರಿಗೇ ನೆನಪಿರುವುದಿಲ್ಲ. ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರನ್ನೇ ನೋಡಿ. ಇಂಗ್ಲಿಷಿನಲ್ಲಿ ಒಂದು ಕಡೆ ಡಿ.ಎನ್.ಎಸ್. ಭಟ್, ಇನ್ನೊಂದು ಕಡೆ ಡಿ.ಎನ್. ಶಂಕರ ಭಟ್. ಎಲ್ಲವನ್ನೂ ಹುಡುಕಿ ಒಟ್ಟು ಮಾಡದಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ. ಇಲ್ಲಿ ಇಬ್ಬರು ಸೇರಿ ಒಬ್ಬರಾಗಿದ್ದರು, ಅಷ್ಟೇ ವ್ಯತ್ಯಾಸ.

ಇನ್ನು ಆ ಎಚ್-ಇಂಡೆಕ್ಸ್. 2005ರಲ್ಲಿ ಹಿರ್ಷ್ ಅನ್ನುವ ಭೌತವಿಜ್ಞಾನಿ ತಂದ ಅಳತೆ ಅದು. ಐದು ಬರಹಗಳಿಗೆ ತಲಾ ಐದಾದರೂ ಉಲ್ಲೇಖ ಇದ್ದರೆ 5. ಆರು ಆಗಬೇಕಾದರೆ ಆರು ಬರಹಗಳಿಗೆ ತಲಾ ಆರು ಬೇಕು. ಒಂದೇ ಪುಸ್ತಕವನ್ನು ಐನೂರು ಜನ ಉಲ್ಲೇಖ ಮಾಡಿದರೂ ಈ ಲೆಕ್ಕದಲ್ಲಿ ಅದು ಒಂದೇ. ವರ್ಷಕ್ಕೆ ನಾಲ್ಕು ಪೇಪರ್ ಬರೆಯುವವರಿಗೆ ಸರಿ, ಹತ್ತು ವರ್ಷ ಕೂತು ಒಂದು ವ್ಯಾಕರಣವನ್ನೋ ಪದಕೋಶವನ್ನೋ ಮುಗಿಸುವವರಿಗೆ ಇದು ಯಾವ ನ್ಯಾಯ?

ಅಂಗಡಿಯಲ್ಲಿ ಕೇಳಿದರೆ, ‘ಜಾಸ್ತಿ ಬಂದಿದೆಯಲ್ಲ ಸರ್, ಒಳ್ಳೇದೇ ಅಲ್ವಾ?’ ಅಂದರು. ಸುಮ್ನೆ ಬಂದೆ.

ಮನೆಯಲ್ಲಿ ನಾನೇ ಕೂತೆ. ಪಬ್ಲಿಷ್ ಆರ್ ಪೆರಿಷ್ ಅಂತ ಒಂದು ಸಾಫ್ಟ್‌ವೇರ್ ಇದೆ, ಆನ್-ವಿಲ್ ಹಾರ್ಜಿಂಗ್ ಅವರದು, 2006ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಗೂಗಲ್ ಸ್ಕಾಲರ್‌ನಿಂದಲೇ ಪಟ್ಟಿ ತೆಗೆಯುತ್ತದೆ, ಬೇಡದ್ದರ ಮುಂದಿನ ಟಿಕ್ ತೆಗೆದರೆ ಲೆಕ್ಕ ತಾನೇ ಬದಲಾಗುತ್ತದೆ. ಹಸು ಹೊರಗೆ ಹೋಯಿತು. ಸರ್ ಅವರ ಎಚ್-ಇಂಡೆಕ್ಸ್ 3ಕ್ಕೆ ಇಳಿಯಿತು.

ಬೇಜಾರಾಯಿತು. ಆದರೆ ಅಚ್ಚಿನಲ್ಲಿ ಮಾತ್ರ ಇರುವ ಕನ್ನಡ ಪುಸ್ತಕದ ಅಡಿಟಿಪ್ಪಣಿ ಯಾವ ಸಾಫ್ಟ್‌ವೇರ್‌ಗೂ ಕಾಣುವುದಿಲ್ಲವಲ್ಲ. ಮೂರು ಶನಿವಾರ ಲೈಬ್ರರಿಗೆ ಹೋಗಿ ಥೀಸಿಸ್‌ಗಳನ್ನೂ ಪುಸ್ತಕಗಳನ್ನೂ ತಿರುವಿ ಕೈಯಲ್ಲೇ ಎಣಿಸಿದೆ. ಹದಿನೇಳು ಸಿಕ್ಕಿತು. ಹೆಚ್ಚಿನವು ಒಂದು ಸಾಲಿನವು, ಸುಮ್ನೆ ಹೆಸರು ಹೇಳಿ ಮುಂದೆ ಹೋದವು. ಒಬ್ಬರು ಮಾತ್ರ ಸರ್ ಹೇಳಿದ್ದನ್ನು ಒಪ್ಪದೆ ನಾಲ್ಕು ಪುಟ ಜಗಳ ಆಡಿದ್ದಾರೆ. ಪಟ್ಟಿ ತೋರಿಸಿದಾಗ ಸರ್ ಎಚ್-ಇಂಡೆಕ್ಸ್ ಕಡೆ ನೋಡಲೂ ಇಲ್ಲ, ಆ ನಾಲ್ಕು ಪುಟದ ಝೆರಾಕ್ಸ್ ಬೇಕು ಅಂದರು.

ಅದೇ ಅಂಗಡಿಯಲ್ಲೇ ಮಾಡಿಸಿದೆ. ಪುಟಕ್ಕೆ ಎರಡು ರೂಪಾಯಿ, ಒಂದಕ್ಷರವೂ ಮಸುಕಾಗಿಲ್ಲ.